ಫಕಮನಿ ಇನ್ನೂ ಆ ಹಳೆಯ ವಾರ್ಡಿನಲ್ಲೇ ಇದ್ದಾನೆ

ಆಸ್ಪತ್ರೆಗಳನ್ನೂ ಸಂಸ್ಕೃತಿಯನ್ನೂ ಒಟ್ಟಿಗೆ ನೋಡಿಕೊಳ್ಳುವ ಮಾನ್ಯ ಮಂತ್ರಿಗಳೇ,

ನನ್ನ ತಮ್ಮನ ಹೆಸರನ್ನು ಆಕಾಶದ ಒಂದು ಕ್ಷುದ್ರಗ್ರಹಕ್ಕೆ ಇಡಿಸಿದ್ದೀರಿ. ಅವನನ್ನು ಮನೆಗೆ ಕರೆತರಲು ಮಾತ್ರ ಬಿಡುತ್ತಿಲ್ಲ. ಅವನು ಸತ್ತ ವಾರ್ಡನ್ನು ಈ ತಿಂಗಳ ಕೊನೆಗೆ ಕೆಡವುತ್ತಾರಂತೆ. ಆ ದಿಗಿಲಿನಲ್ಲಿ ಬರೆಯುತ್ತಿದ್ದೇನೆ. ಅರ್ಧಕ್ಕೇ ಶಾಲೆ ಬಿಟ್ಟವಳು, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ರೇಡಿಯೊದಲ್ಲಿ ಫುಟ್‌ಬಾಲ್ ಆಟ ವರ್ಣಿಸುತ್ತಿದ್ದ ಫಕಮನಿ ಮಜಿಬುಕೊ ಇಡೀ ನಾಡಿಗೆ ಬೇಕಾದವನು. ದೇಹವನ್ನೇನೋ ತುಗೆಲಾ ನದಿಯಾಚೆ ನಮ್ಮ ಗುಡ್ಡದಲ್ಲಿ ಮಣ್ಣು ಮಾಡಿದೆವು. ಆದರೆ ಉಸಿರು ನಿಂತ ಜಾಗಕ್ಕೇ ಕಾಡು ಎಲಚಿಯ ಟೊಂಗೆ ಒಯ್ದು, ಹೆಸರು ಹಿಡಿದು ಕರೆದು, ದಾರಿಯುದ್ದಕ್ಕೂ ಮಾತಾಡಿಸುತ್ತ ತರದಿದ್ದರೆ ಜೀವ ಅಲ್ಲೇ ಉಳಿಯುತ್ತದೆ. ನಿಮ್ಮ ಹಿರಿಯರನ್ನೂ ಹಾಗೆಯೇ ತಂದಿರಬೇಕಲ್ಲವೇ? ಅಂಟುರೋಗದ ಕಾಲವೆಂದು ಆಗ ನಮ್ಮನ್ನು ಗೇಟಿನಲ್ಲೇ ತಡೆದರು. ರೋಗ ಹೋಯಿತು, ನಿಯಮ ಹೋಗಲಿಲ್ಲ.

ಮೊನ್ನೆಯೂ ಟೊಂಗೆ ಹಿಡಿದು ಹೋಗಿದ್ದೆ. ಕಾವಲಿನವನು ತಲೆ ತಗ್ಗಿಸಿ, "ಗೋಗೋ, ನೀವು ನಮ್ಮಜ್ಜಿ ಇದ್ದಂಗೆ. ನಮ್ಮಪ್ಪನ್ನೂ ಹಿಂಗೇ ಕರ್ಕೊಂಡು ಹೋಗಿದ್ವಿ. ಆದ್ರೆ ಸೊಪ್ಪು ಒಳಗೆ ಬಿಟ್ರೆ ನನ್ನ ಕೆಲ್ಸ ಹೋಗುತ್ತೆ" ಅಂದ. ಅವನನ್ನು ಬೈಯಲು ಮನಸ್ಸು ಬರಲಿಲ್ಲ.

ನಿಮ್ಮ ಸನ್ಮಾನ ಸಭೆಗೂ ಬಂದಿದ್ದೆ. ಕಪ್ಪು ಪರದೆಯ ಮೇಲೆ ಬಿಳಿ ಚುಕ್ಕೆ ತೋರಿಸಿದಿರಿ, ಎಲ್ಲರೂ ಚಪ್ಪಾಳೆ ತಟ್ಟಿದರು. ಊಟದ ಹೊತ್ತಿಗೆ ವಾರ್ಡಿನ ಮಾತೆತ್ತಿದರೆ ನಿಮ್ಮ ಆಪ್ತರು ನಕ್ಕು, "ಅವ್ರೀಗ ಅಷ್ಟು ಮೇಲಿದ್ದಾರೆ, ನೀವಿನ್ನೂ ಕೆಳಗೇ ಹುಡುಕ್ತೀರಲ್ಲ ಗೋಗೋ" ಅಂದರು. ಎಂಥ ಸಮಾಧಾನ! ಮನೆಗೆ ಬಂದು, ಅದು ಆಕಾಶದಲ್ಲಿ ಸುತ್ತುವ ಒಂದು ಕಲ್ಲಂತೆ ಎಂದು ಅಮ್ಮನಿಗೆ ಹೇಳಿದೆ. ಅವಳು, "ಕಲ್ಲಿನ ಮೇಲೆ ಒಬ್ಬನ್ನೇ ಬಿಟ್ಟು ಬಂದ್ರಾ? ಚಳಿ ಆಗಲ್ವೇನೇ ಅವನಿಗೆ?" ಎಂದು ಕೇಳಿದಳು.

ಅಂದಿನಿಂದ ನನಗೆ ನಿದ್ದೆಯಿಲ್ಲ. ಕಟ್ಟಡ ಬಿದ್ದ ಮೇಲೆ ಯಾವ ಗೋಡೆಯ ಮುಂದೆ ನಿಂತು ಕೂಗಲಿ? ಯಂತ್ರದ ಸದ್ದಿಗೆ ಬೆದರಿ ಅವನು ಎತ್ತ ಹೋದಾನು? ನೀವು ಹೆಸರಿಟ್ಟಿರೆಂದು ಆ ಕಲ್ಲನ್ನೇ ಮನೆಯೆಂದುಕೊಂಡರೆ?

ಕ್ಷುದ್ರಗ್ರಹ ನಿಮ್ಮಲ್ಲೇ ಇರಲಿ, ಸ್ವಾಮಿ. ಕೆಡವುವ ಮೊದಲು ಒಂದು ಗಳಿಗೆ ಆ ವಾರ್ಡಿನ ಬಾಗಿಲು ತೆಗೆಸಿ. ಬಸ್ಸಿನಲ್ಲಿ ಅವನಿಗೂ ಒಂದು ಸೀಟು ಹಿಡಿಯುತ್ತೇನೆ. ಇದು ತಿರುವು, ಇದು ಸೇತುವೆ, ಇದು ನಮ್ಮ ಗುಡ್ಡ ಎಂದು ಹೇಳುತ್ತ ಬರುತ್ತೇನೆ. ಚೆಂಡು ಎಲ್ಲಿದೆ ಎಂದು ಜನ್ಮವಿಡೀ ನಮಗೆಲ್ಲ ಹೇಳಿದವನಿಗೆ, ಮನೆ ಎಲ್ಲಿದೆ ಎಂದು ಯಾರಾದರೂ ಹೇಳಬೇಕಲ್ಲ.

ಇಂತಿ,
ಒಣಗಿದ ಟೊಂಗೆ ಬಿಸಾಡಿ ಮತ್ತೆ ಹಸಿಯದನ್ನು ಮುರಿದಿಟ್ಟುಕೊಂಡಿರುವ ಅಕ್ಕ,
ತೊಲಕೆಲೆ ಮಜಿಬುಕೊ