ಎರಡು ಬೆರಳಿನ ಸ್ಟಿಯರಿಂಗು

ಕಡೂರು
೨೧-೧೧-೧೯೮೩, ಸೋಮವಾರ

ಮಗಳು ತೀರ್ಥಳಿಗೆ ಅಪ್ಪನ ಆಶೀರ್ವಾದ.

ನಮ್ಮ ಗಾಡಿಯ ಬಂಪರು ನಗ್ಗಿದ್ದು ಕಲ್ಲಿಗೆ ತಾಗಿ ಅಲ್ಲ ಕಣಮ್ಮ. ನಿನ್ನೆ ನೀನು ಬಸ್ಸಿನ ಕಿಟಕಿಯಿಂದ ಎರಡನೇ ಸಲ ಕೇಳಿದಾಗಲೂ ಕಲ್ಲು ಎಂದೇ ಹೇಳಿದೆ. ಭುಜ ನೋವು, ಅದಕ್ಕೇ ಪವರ್ ಸ್ಟಿಯರಿಂಗ್ ಹಾಕಿಸಿದೆ ಎಂದದ್ದೂ ಸುಳ್ಳು. ನನ್ನ ಭುಜಕ್ಕೆ ಏನೂ ಆಗಿಲ್ಲ. ಬಸ್ಸು ಅಜ್ಜಂಪುರದ ದಾರಿ ಹಿಡಿದ ಮೇಲೆ ಮನೆಗೆ ಬಂದು ನೀನು ಮುಚ್ಚಿಟ್ಟುಹೋದ ಸಾರು ಬಿಸಿ ಮಾಡಿಕೊಂಡು ಉಂಡೆ. ಉಪ್ಪು ಒಂದು ಕಲ್ಲು ಮುಂದಿತ್ತು, ಆದರೂ ನಿನ್ನಮ್ಮನ ಕೈಯದೇ ರುಚಿ. ಅವಳು ಹೋಗಿ ಎರಡು ವರ್ಷವಾದರೂ ಆ ಪಾತ್ರೆಗೆ ಅವಳದೇ ನೆನಪು ಇರಬೇಕು. ಉಣ್ಣುತ್ತಾ ಅಂದುಕೊಂಡೆ, ಎದುರಿಗೆ ಹೇಳಲಾಗದ್ದನ್ನು ಕಾಗದದಲ್ಲಾದರೂ ಹೇಳಬೇಕು ಅಂತ. ಐ ಬೆಗ್ ಟು ಸ್ಟೇಟ್ ದ ಫಾಲೋಯಿಂಗ್ ಫಾರ್ ಯುವರ್ ಕೈಂಡ್... ಕೈಂಡ್ ಆದಮೇಲೆ ಇನ್ನೊಂದು ಪದ ಬರಬೇಕು, ಮರೆತಿದೆ. ಕಾಲೇಜಿನಲ್ಲಿ ರಜೆಯ ಅರ್ಜಿ ಬರೆದೂ ಬರೆದೂ ಕಲಿತ ಇಂಗ್ಲಿಷು ಅದು.

ಮೊದಲು ಪೆಟ್ಟಿಗೆಯ ವಿಚಾರ. ಲಿಂಗದಹಳ್ಳಿ ಕಡೆ ಯಾವುದೋ ಕಾಫಿ ಎಸ್ಟೇಟಿನ ಶೆಡ್ಡಿನಲ್ಲಿ ಭಾರಿ ಅಮೆರಿಕನ್ ಕಾರೊಂದು ಕೋಳಿಗಳ ಮನೆಯಾಗಿ ನಿಂತಿದೆ ಎಂದು ತರೀಕೆರೆಯ ಲಕ್ಕಣ್ಣ ಹೇಳಿಕಳಿಸಿದ್ದ. ಬಸ್ ನಿಲ್ದಾಣದ ಹಿಂದಿನ ಗ್ಯಾರೇಜಿನ ಲಕ್ಕಣ್ಣನೇ, ನಮ್ಮ ಡಾಜ್ ಗಾಡಿಗೆ ಇಪ್ಪತ್ತು ವರ್ಷದ ಡಾಕ್ಟರು. ಆ ಕೋಳಿಕಾರಿನಿಂದ ನಾವು ಬಿಚ್ಚಿ ತಂದದ್ದು ಪವರ್ ಸ್ಟಿಯರಿಂಗಿನ ಗೇರ್‌ಬಾಕ್ಸು, ಅದೇ ಈ ಪೆಟ್ಟಿಗೆ. ಇಂಜಿನ್ನಿನಿಂದ ಬೆಲ್ಟು ಎಳೆದು ಒಂದು ಎಣ್ಣೆ ಪಂಪು ತಿರುಗುತ್ತದೆ. ನಾವು ಸ್ಟಿಯರಿಂಗ್ ಚಕ್ರಕ್ಕೆ ಹೀಗೆ ಹೋಗಪ್ಪಾ ಎಂದು ಸೂಚನೆ ಕೊಟ್ಟರೆ ಸಾಕು, ಬಲವನ್ನೆಲ್ಲ ಎಣ್ಣೆಯೇ ಹಾಕುತ್ತದೆ. ನಮ್ಮ ಡಾಜ್ ನಿನಗೆ ಗೊತ್ತಲ್ಲ, ನಿಂತಲ್ಲೇ ತಿರುಗಿಸುವುದೆಂದರೆ ಆಳದ ಬಾವಿಯಿಂದ ತುಂಬಿದ ಕೊಡ ಸೇದಿದ ಹಾಗೆ.

ತೊಡಕು ಏನೆಂದರೆ, ಆ ಕಾರಿಗೆ ಡ್ರೈವರು ಕೂರುವುದು ಎಡಗಡೆ, ನಮ್ಮದಕ್ಕೆ ಬಲಗಡೆ. ಲಕ್ಕಣ್ಣ ಬೀಡಿ ಕಚ್ಚಿಕೊಂಡು ಅರ್ಧ ದಿನ ಪೆಟ್ಟಿಗೆಯನ್ನೇ ನೋಡಿದ. ಆಮೇಲೆ, ಇದ್ನ ಕವುಚಿ ಹಾಕಿದ್ರೆ ಬಲಕ್ಕೆ ಕೂತ್ಕತ್ತದೆ ಬಿಡಿ ಯಜಮಾನ್ರೇ ಎಂದ. ಕವುಚಿ ಹಾಕಿದ. ಅಚ್ಚುಕಟ್ಟಾಗಿ ಕೂತಿತು. ಓಡಿಸಿ ನೋಡುವ ಮುಂಚೆ ಪೂಜೆಯಾಗಬೇಕು ಅಂತ ಮುಂದಿನ ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟ. ನಾನು ಸ್ಟಿಯರಿಂಗ್ ಒಂಚೂರು ಆಡಿಸಿ ನೋಡೋಣ ಎಂದು ಕೈ ಇಟ್ಟರೆ ಬೈದ. ನಿಂಬೆಹಣ್ಣು ಇಟ್ಮೇಲೆ ಗಾಡಿ ಅತ್ತಿತ್ತ ತಲೆ ಆಡಿಸ್ಬಾರ್ದು, ನೆಟ್ಟಗೆ ಹತ್ಬೇಕು ಅಂತ. ನಾನೂ ನೆಟ್ಟಗೇ ಹತ್ತಿಸಿದೆ. ಗ್ಯಾರೇಜಿನ ಬಾಗಿಲಿಂದ ಹೊರಗೆ ಬಂದು ರಸ್ತೆಗೆ ಬಲಕ್ಕೆ ತಿರುಗಿಸಿದೆ ನೋಡು, ಗಾಡಿ ಎಡಕ್ಕೆ ಹೋಯಿತು. ಗಾಬರಿಯಲ್ಲಿ ಇನ್ನಷ್ಟು ಬಲಕ್ಕೆ ತಿರುಗಿಸಿದೆ, ಇನ್ನಷ್ಟು ಎಡಕ್ಕೆ ಹೋಗಿ ತೆಂಗಿನ ಸಿಪ್ಪೆಯ ರಾಶಿಗೆ ನುಗ್ಗಿ, ರಾಶಿಯೊಳಗಿದ್ದ ಗೂಟಕ್ಕೆ ಬಡಿದು ನಿಂತಿತು. ನಿನ್ನ ಬಂಪರಿನ ಕಥೆ ಇದು.

ಕವುಚಿದ ಪೆಟ್ಟಿಗೆ ಉಲ್ಟಾ ತಿರುಗುತ್ತದೆ ಎಂದು ನಮ್ಮಿಬ್ಬರಿಗೂ ಹೊಳೆದಿರಲಿಲ್ಲ. ಆಕ್ಷನ್ ಅಂಡ್ ರಿಯಾಕ್ಷನ್ ಆರ್ ಈಕ್ವಲ್ ಅಂಡ್ ಆಪೋಸಿಟ್ ಎಂದು ನೀನು ಮಕ್ಕಳಿಗೆ ಪಾಠ ಮಾಡುತ್ತೀಯಲ್ಲ, ಡಾಜ್ ಅದರಲ್ಲಿ ಆಪೋಸಿಟ್ಟನ್ನು ಮಾತ್ರ ಬಾಯಿಪಾಠ ಮಾಡಿತ್ತು. ಸಿಪ್ಪೆ ಮಾರುವ ಕರಿಬಸಮ್ಮ ಸೊಂಟದ ಮೇಲೆ ಕೈಯಿಟ್ಟು ನೋಡುತ್ತಿದ್ದವಳು, ಏನ್ ಯಜಮಾನ್ರೇ, ಗಾಡಿಗೂ ನಿಮ್ಗೂ ಮಾತು ಬಿಟ್ಟೈತಾ ಎಂದಳು. ಲಕ್ಕಣ್ಣ ಬಿದ್ದು ಬಿದ್ದು ನಕ್ಕ. ನಾನು ನಗಲಿಲ್ಲ. ಮಾತು ಬಿಟ್ಟವರು ಯಾರು ಎಂದು ನನಗೆ ನೆನಪಾಯಿತು.

ನೀನು ಮಾತು ಬಿಟ್ಟಿಲ್ಲ, ಗೊತ್ತು. ತಿಂಗಳಿಗೊಂದು ಭಾನುವಾರ ಬರುತ್ತೀಯ, ಸಾರು ಮಾಡುತ್ತೀಯ, ಅಂಗಿಗೆ ಗುಂಡಿ ಹೊಲಿಯುತ್ತೀಯ. ಆದರೆ ಅಜ್ಜಂಪುರಕ್ಕೆ ಗಾಡಿಯಲ್ಲಿ ಬಿಡುತ್ತೇನೆ ಎಂದರೆ ಬಸ್ಸೇ ಸಾಕಪ್ಪ ಎನ್ನುತ್ತೀಯ. ಬೇರೆ ದಾರಿಯಿಲ್ಲದೆ ಹತ್ತಿದರೂ ಹಿಂದಿನ ಸೀಟು. ಚಕ್ರದ ಕಡೆ ಕಣ್ಣೂ ಹಾಯಿಸುವುದಿಲ್ಲ.

ಎಪ್ಪತ್ತೆರಡರಲ್ಲಿ ನಿನಗೆ ಹದಿನೇಳು. ಪೋಲಿಯೋ ಬಂದು ಹೋದ ಬಲಗೈಯಲ್ಲಿ ಹೆಬ್ಬೆರಳು, ತೋರುಬೆರಳು ಎರಡೇ ನಿನ್ನ ಮಾತು ಕೇಳುತ್ತಿದ್ದವು. ಆದರೂ ಕಣದಲ್ಲಿ ಎಂಟು ದಿನಕ್ಕೆ ಗಾಡಿ ಕಲಿತೆ. ಒಂಬತ್ತನೇ ದಿನ ನೀನೇ ಗಾಡಿಯನ್ನು ರಸ್ತೆಗೆ ತಂದೆ. ತೆಂಗಿನಕಾಯಿ ಮಂಡಿಯ ತಿರುವಿನಲ್ಲಿ ಗೇರು ಬದಲಿಸಲು ಎಡಗೈ ತೆಗೆದೆ, ಸ್ಟಿಯರಿಂಗ್ ತಿರುಗಲಿಲ್ಲ, ಗಾಡಿ ಹೋಗಿ ಮಂಡಿಯ ಗೇಟಿನ ಕಂಬಕ್ಕೆ ಹೊಡೆಯಿತು. ಮಂಡಿಯವರೆಲ್ಲ ಓಡಿಬಂದರು. ಅವರ ಮುಂದೆ ನಾನು, ಈ ಕೈಗೆ ಸೌಟು ಹಿಡಿದರೆ ಸಾಕಾಗಿತ್ತು ಎಂದೆ. ನೀನು ಅಳಲಿಲ್ಲ. ಕೆಳಗಿಳಿದು, ಕೀಲಿಯನ್ನು ಎಡಗೈಯಲ್ಲಿ ಹಿಡಿದು ನನಗೆ ಕೊಟ್ಟು, ನಡೆದುಕೊಂಡು ಮನೆಗೆ ಹೋದೆ. ನಾನು ಗಾಡಿಯನ್ನು ಮಂಡಿಯಲ್ಲೇ ಬಿಟ್ಟು ಹಿಂದೆಯೇ ಬಂದೆ.

ಐ ಸಿನ್ಸಿಯರ್ಲಿ ರಿಗ್ರೆಟ್ ದಿ ಇನ್‌ಕನ್ವೀನಿಯೆನ್ಸ್ ಕಾಸ್ಡ್. ಇದೂ ಅರ್ಜಿಯ ಇಂಗ್ಲಿಷೇ. ನಗಬೇಡ.

ಪೆಟ್ಟಿಗೆಯ ಕಥೆ ಮುಗಿಸುತ್ತೇನೆ. ಲಕ್ಕಣ್ಣ ಎಲ್ಲ ಬಿಚ್ಚಿದ. ಪೆಟ್ಟಿಗೆಯಿಂದ ಕೆಳಕ್ಕೆ ನೇತಾಡುತ್ತಿದ್ದ ಕಬ್ಬಿಣದ ತೋಳನ್ನು ಮೇಲ್ಮುಖ ಮಾಡಿ, ಅಲ್ಲಿಂದ ಮುಂದಿನ ಚಕ್ರಗಳಿಗೆ ಹೋಗುವ ಸರಳನ್ನು ಕುಲುಮೆಯಲ್ಲಿ ಹೊಸದಾಗಿ ಬಡಿಸಿದ. ಮೂರು ವಾರ ಹಿಡಿಯಿತು. ಈ ಸಲ ಸ್ಟಿಯರಿಂಗ್ ಎರಡೂ ಕಡೆ ಆಡಿಸಿ ನೋಡಿದ ಮೇಲೆಯೇ ನಿಂಬೆಹಣ್ಣು. ಈಗ ಬಲಕ್ಕೆ ಎಂದರೆ ಬಲಕ್ಕೆ. ನಾನು ಬಲಗೈಯ ಮೂರು ಬೆರಳನ್ನು ಟವೆಲಿನಲ್ಲಿ ಬಿಗಿದು ಕಟ್ಟಿಸಿಕೊಂಡೆ. ಇದ್ಯಾವ ಹರಕೆ ಯಜಮಾನ್ರೇ ಎಂದ ಲಕ್ಕಣ್ಣ. ಕಟ್ಟೋ ಸುಮ್ಮನೆ ಎಂದೆ. ಕಟ್ಟುತ್ತಾ ಕಟ್ಟುತ್ತಾ ಅವನಿಗೆ ತಿಳಿಯಿತು, ಗಂಟನ್ನು ಇನ್ನೊಂದು ಸುತ್ತು ಬಿಗಿದ. ತರೀಕೆರೆಯಿಂದ ಅಜ್ಜಂಪುರಕ್ಕೆ ಹೋಗಿ, ಅಲ್ಲಿಂದ ಕಡೂರಿನವರೆಗೆ ಬಂದೆ. ಗೇರಿಗೆ ಎಡಗೈ ಹೋದಾಗಲೆಲ್ಲ ಚಕ್ರವನ್ನು ಹಿಡಿದದ್ದು ಹೆಬ್ಬೆರಳು, ತೋರುಬೆರಳು ಮಾತ್ರ. ಒಂದೇ ಒಂದು ಸಲವೂ ಜಾರಲಿಲ್ಲ. ಅಜ್ಜಂಪುರದಲ್ಲಿ ನಿನ್ನ ಶಾಲೆಯ ಮುಂದೆ ಗಾಡಿ ನಿಧಾನ ಮಾಡಿದ್ದೆ. ಕಿಟಕಿಯಲ್ಲಿ ನೀನು ಕಾಣಿಸಿದೆ, ಎಡಗೈಯಲ್ಲಿ ಬೋರ್ಡಿನ ಮೇಲೆ ಏನೋ ಬರೆಯುತ್ತಿದ್ದೆ, ಅಕ್ಷರ ಎಷ್ಟು ನೆಟ್ಟಗೆ. ಹಾರನ್ ಒತ್ತಲು ಧೈರ್ಯ ಬರಲಿಲ್ಲ.

ಬರುವ ಭಾನುವಾರ ಬಾ ತೀರ್ಥಾ. ಬೆಳಿಗ್ಗೆ ಅಜ್ಜಂಪುರದ ರಸ್ತೆಯಲ್ಲಿ ಎತ್ತಿನ ಗಾಡಿಯೂ ಇರುವುದಿಲ್ಲ. ನೀನು ಮುಂದೆ ಕೂರು, ನಾನು ಹಿಂದಿನ ಸೀಟಿನಲ್ಲಿ ಕೂರುತ್ತೇನೆ. ಬಾಯಿ ಬಿಡುವುದಿಲ್ಲ. ಬೇಡವೆನಿಸಿದರೆ ಸಾರು ಮಾಡಿಟ್ಟು ಬಸ್ಸಿಗೇ ಹೋಗು, ನಿನ್ನ ಅಪ್ಪನಾಗಿ ನನಗೆ ಅದನ್ನೂ ಸಹಿಸುವ ಶಕ್ತಿಯಿದೆ.

ಇನ್ನೊಂದು ಮಾತಿತ್ತು. ಅಕ್ಷರಗಳು ಒಂದರ ಮೇಲೊಂದು ಹತ್ತುತ್ತಿವೆ. ತಲೆಯೆತ್ತಿ ನೋಡಿದರೆ ಹಿತ್ತಿಲ ಗೋಡೆಯ ಮೇಲಿನ ಬಿಸಿಲು ಆಗಲೇ ಹೋಗಿದೆ. ನಿಲ್ಲಿಸುತ್ತೇನೆ.

ನಿನ್ನ ದಾರಿ ನೋಡುತ್ತಿರುವ
ಅಪ್ಪ
ತಿಮ್ಮರಾಯಪ್ಪ

ತಾ.ಕ.: ಮಂಗಳವಾರ ಬೆಳಿಗ್ಗೆ. ಲಕೋಟೆ ಅಂಟಿಸುವ ಮುಂಚೆ ಮತ್ತೆ ಬಿಡಿಸಿದೆ. ಬೆಳಕು ಹೋಯಿತು ಎಂದದ್ದು ನೆಪ, ಇನ್ನೂ ನಾಲ್ಕು ಸಾಲಿಗೆ ಸಾಲುವಷ್ಟಿತ್ತು. ಇದರೊಳಗೆ ಕಾಗದದಲ್ಲಿ ಸುತ್ತಿದ ಅರ್ಧ ಉಕ್ಕಿನ ಗುಂಡು ಇದೆ. ಎಪ್ಪತ್ತೆರಡರಲ್ಲಿ, ಕಂಬಕ್ಕೆ ಹೊಡೆದ ಮಾರನೇ ದಿನ, ಲಕ್ಕಣ್ಣ ಹಳೆಯ ಸ್ಟಿಯರಿಂಗ್ ಪೆಟ್ಟಿಗೆ ಬಿಚ್ಚಿದಾಗ ಸಿಕ್ಕಿದ್ದು. ಬೇರಿಂಗಿನ ಗುಂಡು ಸೀಳಿ ಅಡ್ಡ ಸಿಕ್ಕಿಕೊಂಡಿತ್ತು. ಎರಡು ಕೈಯ ಪೈಲ್ವಾನ್ ಕೂತಿದ್ರೂ ಇದು ತಿರುಗ್ತಿರ್ಲಿಲ್ಲ ಎಂದು ಹೇಳಿ ನನ್ನ ಅಂಗೈಗೆ ಹಾಕಿದ. ಅದಕ್ಕೆ ಹದಿನೈದು ದಿನ ಮುಂಚೆಯೇ, ಪೆಟ್ಟಿಗೆ ಕರಕರ ಅಂತೈತೆ ಬಿಚ್ಚಿಸಿ ಎಂದಿದ್ದ. ಸುಗ್ಗಿ ಮುಗಿಯಲಿ ಎಂದವನು ನಾನು. ಹನ್ನೊಂದು ವರ್ಷ ಇದು ನನ್ನ ಕ್ಷೌರದ ಪೆಟ್ಟಿಗೆಯಲ್ಲಿತ್ತು. ನಿನ್ನಮ್ಮನಿಗೆ ಗೊತ್ತಿತ್ತು. ನೀವೇ ಹೇಳ್ಬೇಕು, ನಾನ್ ಹೇಳಿದ್ರೆ ಅವ್ಳಿಗೆ ಸಾಲಲ್ಲ ಎನ್ನುತ್ತಿದ್ದಳು. ತಪ್ಪು ನಿನ್ನ ಕೈಯದಾಗಿರಲಿಲ್ಲ ಮಗಳೇ, ಅಂದೇ ನನಗೆ ಗೊತ್ತಿತ್ತು. ಇದನ್ನು ಇಂಗ್ಲಿಷಿನಲ್ಲಿ ಬರೆಯಲು ನೋಡಿದೆ, ಆಗಲಿಲ್ಲ. ಗುಂಡಿನ ಅಂಚು ಇನ್ನೂ ಹರಿತವಾಗಿದೆ. ಬಿಚ್ಚುವಾಗ ಬೆರಳು ಜೋಪಾನ.