ನಲವತ್ತೊಂದು ಅಂಕ, ಒಂದು ಬೆಂಚು

ಮಾರ್ಚ್ ೧೨, ಮಂಗಳವಾರ

ನನಗೆ ನೂರಕ್ಕೆ ನಲವತ್ತೊಂದು ಅಂಕವಂತೆ! ಇಪ್ಪತ್ತಾರು ವರ್ಷದಿಂದ ಈ ಗುಡ್ಡದ ಮೇಲಿನ ಕ್ಲಿನಿಕ್ಕಿನಲ್ಲಿ ಡಾಕ್ಟರಿಲ್ಲದೆ ರೋಗ ಗುರುತಿಸಿ ಔಷಧಿ ಬರೆದುಕೊಡುತ್ತಿರುವ ನರ್ಸು ನಾನು. ನನ್ನ ಕೆಲಸ ಅಳೆಯಲು ರಾಜಧಾನಿ ಕಿಂಗ್‌ಸ್ಟನ್ನಿನಿಂದ ಬಂದ ವಿಂಟರ್ ಸಾಹೇಬರ ಕೈಯಲ್ಲಿದ್ದದ್ದು ಬರೀ ಒಂದು ಗಡಿಯಾರ.

"ಒಬ್ಬ ರೋಗಿಗೆ ಹನ್ನೆರಡು ನಿಮಿಷ ಸಾಕು, ನರ್ಸ್ ಡೆಲ್ಸಿ. ನೀವು ಬೀಪಿ ನೋಡೋಕೆ ಮುಂಚೆ ಎಲ್ಲರನ್ನೂ ಹತ್ತು ನಿಮಿಷ ಬೆಂಚಲ್ಲಿ ಸುಮ್ನೆ ಕೂರಿಸ್ತೀರಿ. ಅದು ದಂಡ."

ಆಮೇಲೆ ಕಾರಿನಲ್ಲಿ ಬಿಟ್ಟಿದ್ದ ಫಾರಂ ತರಲು ಇಳಿದು, ಏದುಸಿರು ಬಿಡುತ್ತ ಮತ್ತೆ ಗುಡ್ಡ ಹತ್ತಿ ಬಂದರು. ಕೂರಲೂ ಬಿಡದೆ ಅವರ ತೋಳಿಗೇ ಬೀಪಿ ಪಟ್ಟಿ ಸುತ್ತಿದೆ. ನೂರ ಎಪ್ಪತ್ತೆರಡು! ಸಾಹೇಬರ ಮುಖ ಸಣ್ಣದಾಯಿತು.

ಯಾಮ್ ಗೆಡ್ಡೆಯ ಚೀಲ ಹೊತ್ತು ಬಂದು ಬೆಂಚಿನಲ್ಲಿ ಕೂತಿದ್ದ ಮುದುಕ ಮಾಸ್ ಯೂಸ್ಟಸ್ ಪಕ್ಕಕ್ಕೆ ಸರಿದ. "ಬಾ ಮಗಾ, ಕೂತ್ಕೋ. ಇಲ್ಲಾಂದ್ರೆ ಸಾಯೋತನಕ ಮಾತ್ರೆ ನುಂಗ್ಬೇಕಾಗುತ್ತೆ."

ಸಾಹೇಬರು ಕೂತರು. ಹತ್ತು ನಿಮಿಷ ಬಿಟ್ಟು ನೋಡಿದರೆ ನೂರ ಇಪ್ಪತ್ತೆಂಟು.

"ಈಗ ಈ ಹತ್ತು ನಿಮಿಷಾನ ಬರ್ಕೊಳ್ಳಿ ಸಾರ್," ಎಂದೆ.

"ಅದಕ್ಕೆ ಫಾರಮ್ಮಲ್ಲಿ ಜಾಗವೇ ಇಲ್ವಲ್ಲ."

ಅಂಕ ನಲವತ್ತೊಂದೇ ಉಳಿಯಿತು. ಉಳಿದರೆ ಉಳಿಯಲಿ. ನಾಳೆಯೇ ಬಡಗಿಗೆ ಇನ್ನೊಂದು ಬೆಂಚು ಮಾಡಲು ಹೇಳುತ್ತೇನೆ. ಈ ಸಲ ಬೆನ್ನಿಗೆ ಒರಗು ಇರುವಂಥದ್ದು.