ಬೆರಳ ಸಂದಿಯಲ್ಲಿ ಕಂಡ ಸಿನಿಮಾ

ಪುಟ್ಟೀ,

ಹಾಲು ಕಾಯಿಸಿಟ್ಟಿದ್ದೇನೆ, ಬೆಕ್ಕಿಗಿಂತ ಮುಂಚೆ ನೀನು ಕುಡಿ. ದೇವರ ಮುಂದಿನ ದೀಪ ನೋಡಿಕೋ. ಎದುರುಮನೆಯ ದರ್ಜಿಯನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೊರಟಿದ್ದೇನೆ!

ನಿನ್ನ ಚಿಕ್ಕಪ್ಪ ತಾನಾಗಿಯೇ ಪ್ರಾಣ ಕಳೆದುಕೊಂಡ ಮೇಲೆ, ಸಿನಿಮಾದಲ್ಲಿ ಅಂಥ ದೃಶ್ಯ ಬಂದರೆ ನೀನು ನನ್ನ ಕಣ್ಣಿಗೆ ಅಂಗೈ ಅಡ್ಡ ಹಿಡಿಯುತ್ತೀಯೆ. ಸಾವನ್ನು ಹಾಡು ಹಾಕಿ ಸಿಂಗರಿಸುವವರ ಮೇಲೆ ನನಗೂ ಸಿಟ್ಟೇ. ಆದರೆ ನಿನ್ನೆ ಬೆರಳ ಸಂದಿಯಲ್ಲಿ ನೋಡಿಬಿಟ್ಟೆ: ಸಿನಿಮಾದ ಅಕ್ಕ ತಮ್ಮನ ಬಾಗಿಲು ತಟ್ಟಿದಳು, ನೇರವಾಗಿ ಕೇಳಿದಳು, ತಮ್ಮ ಅತ್ತು ಬದುಕಿಕೊಂಡ. ಜನ ಎದ್ದು ಚಪ್ಪಾಳೆ ತಟ್ಟಿದರಲ್ಲ!

ಹೆಂಡತಿ ತೀರಿಕೊಂಡ ಮೇಲೆ ಅಂಗಡಿಯನ್ನೇ ತೆರೆಯದ ದರ್ಜಿಯನ್ನು ಬೆಳಿಗ್ಗೆ ನಾನೂ ಹಾಗೆಯೇ ಕೇಳಿದೆ.

"ಸಾಯ್ಬೇಕು ಅನ್ಸುತ್ತೇನೋ?"

"ಹೂಂ ಅಜ್ಜಿ. ಇಷ್ಟು ದಿನ ಯಾರೂ ಕೇಳ್ಲೇ ಇಲ್ಲ" ಅಂದ.

ದೇವರು ದೊಡ್ಡವನು. ಮುಂದಿನ ಸಲ ನನ್ನ ಕಣ್ಣು ಮುಚ್ಚಬೇಡ, ಕೈ ಹಿಡಿದುಕೋ.

ಅಜ್ಜಿ